ಇಪ್ಪತ್ತಾರು ಸ್ಟಾಪಿನ ಬನ್ನಿ

ಮೂವತ್ತಮೂರು ವರ್ಷ ಬಸ್ಸಿನಲ್ಲೇ ತಿರುಗಿದ ಮನುಷ್ಯ ಒಂದೇ ಒಂದು ಊರನ್ನೂ ನೆಟ್ಟಗೆ ನೋಡಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ಬೈಲಹೊಂಗಲದ ಆ ಓಣಿಯ ಹೆಂಗಸರಂತೂ ನಂಬುತ್ತಿರಲಿಲ್ಲ. ಕಂಡಕ್ಟರ್ ನಿಜಗುಣಪ್ಪನ ಹೆಂಡತಿ ದೇವಕ್ಕ ನಳದ ಹತ್ತಿರ ಬಂದಾಗಲೆಲ್ಲ, "ನಿನಗೇನ ಬಿಡವಾ, ಮನ್ಯಾಗ ಕುಂತಽ ಊರೂರ ಸುದ್ದಿ ಕೇಳತಿ," ಎಂದು ಕಾಡುವರು. ಸುದ್ದಿಯಂತೆ ಸುದ್ದಿ! ಸವದತ್ತಿ ಹೆಂಗೈತ್ರಿ ಎಂದು ಇವಳು ಕೇಳಿದರೆ, "ಸ್ಟ್ಯಾಂಡಿನಾಗ ಚಾ ಸಪ್ಪಗಿರತೈತಿ," ಎನ್ನುವನು. ರಾಮದುರ್ಗ ಅಂದರೆ, "ಅಲ್ಲಿ ಹತ್ತ ಮಿನಿಟ ಹಾಲ್ಟ್." ಅಲ್ಲಿಗೆ ಊರ ಸುದ್ದಿ ಮುಗಿಯಿತು. ದೇವಕ್ಕ ನೋಡಿದ್ದು ಎರಡೇ ಊರು: ಹುಟ್ಟಿದ ನೇಸರಗಿ, ಕೊಟ್ಟ ಬೈಲಹೊಂಗಲ. ಗಂಡ ದಿನವೂ ಅಷ್ಟು ಊರಿಗೆ ಹೋಗಿಬರುವಾಗ ತಾನು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುವುದು ಅವಳಿಗೆ ಒಳಗೊಳಗೇ ಉರಿಯುತ್ತಿತ್ತು.

ನಿವೃತ್ತಿಯಾದ ಮರುವಾರವೇ ನಿಜಗುಣಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, "ನಡಿ ದೇವಿ, ಕಿತ್ತೂರ ನೋಡಿ ಬರೂಣು," ಅಂದ. ಅವಳು ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟಳು. ಸೀಟಿನಲ್ಲಿ ಕೂತು ಹೋಗುವುದು ಅವನಿಗೆ ರೂಢಿ ಇರಲಿಲ್ಲ. ಊರು ದಾಟುವಷ್ಟರಲ್ಲಿ ಎರಡು ಸಲ ಎದ್ದು ನಿಂತು, ಬಾಗಿಲಲ್ಲಿ ನಿಂತವರಿಗೆ ಒಳಗೆ ಸರಿಯಿರಿ ಎಂದು ದಬಾಯಿಸಿ, ಆ ಬಸ್ಸಿನ ಕಂಡಕ್ಟರ್ ಹುಡುಗಿಯ ಕೈಯಲ್ಲಿ ಬೈಸಿಕೊಂಡ. ಕಿತ್ತೂರಿನ ಕೋಟೆಯೊಳಗೆ ಕಾಲಿಟ್ಟವನೇ ಮುರಿದ ಗೋಡೆಗಳ ನಡುವೆ ನಿಂತು ಬಾಯಿ ತೆರೆದ. "ಈ ಊರಿಗೆ ದಿನಾ ಎರಡ ಸಲಾ ಬಂದ ಹೋಗೇನಿ. ಇಷ್ಟ ದೊಡ್ಡದೈತೇನ ಇದು!" ದೇವಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಪ್ರತಿ ಸೋಮವಾರ ಒಂದೊಂದು ಊರು. ಸವದತ್ತಿಗೆ ಹೋದರು, ನವಿಲುತೀರ್ಥದ ಆಣೆಕಟ್ಟಿನ ಮುಂದೆ ಕೂತು ರೊಟ್ಟಿ ತಿಂದರು. ಸುರೇಬಾನದ ಹತ್ತಿರ ಶಬರಿಕೊಳ್ಳದ ನೀರಿನಲ್ಲಿ ಕಾಲು ಇಳಿಬಿಟ್ಟರು. ಅಲ್ಲಿ ನಿಜಗುಣಪ್ಪ ಅವಳ ಕಾಲಿನ ಬಿರುಕು ನೋಡಿ, "ಇದೇನ ಇಷ್ಟ ಒಡದಾವು, ಯಾವತ್ತೂ ಹೇಳಲೇ ಇಲ್ಲಲ್ಲ," ಅಂದ. ಯಾವಾಗ ಹೇಳಬೇಕಿತ್ತು? ಮುಂಜಾನೆ ಐದಕ್ಕೆ ಹೋಗಿ, ಊರೆಲ್ಲ ಮಲಗಿದ ಮೇಲೆ ಬರುತ್ತಿದ್ದ ಮನುಷ್ಯ. ಅವರಿಬ್ಬರ ಸಂಸಾರ ಅರವತ್ತರ ಹೊಸ್ತಿಲಲ್ಲಿ ಶುರುವಾಯಿತು ಅಂದರೂ ತಪ್ಪಲ್ಲ.

ಹಾಗೆ ತಿರುಗುವಾಗ ದೇವಕ್ಕ ಒಂದು ಸಂಗತಿ ಗಮನಿಸಿದಳು. ಹಳ್ಳಿ ಬಂದಾಗಲೆಲ್ಲ ಗಂಡ ಕಿಟಕಿಯಿಂದ ಕೈ ಮಾಡಿ, "ಇಲ್ಲೊಂದು ಬನ್ನಿಗಿಡ ಇತ್ತು," ಅನ್ನುವನು. ಮುಂದಿನ ಸ್ಟಾಪಿನಲ್ಲಿ, "ಇಲ್ಲೂ ಇತ್ತು." ಅವನು ನೌಕರಿಗೆ ಸೇರಿದಾಗ ಈ ಕಡೆ ಸ್ಟಾಪಿಗೆಂದು ಬೇರೆ ಕಟ್ಟಡ ಇರಲಿಲ್ಲವಂತೆ. ರಸ್ತೆ ಬದಿಯ ಬನ್ನಿಯೋ ಬೇವೋ, ಅದರ ನೆರಳಿಗೆ ಮಂದಿ ನಿಲ್ಲುತ್ತಿದ್ದರು, ಅದರ ಬುಡಕ್ಕೆ ಬಸ್ಸು ನಿಲ್ಲುತ್ತಿತ್ತು. ರಸ್ತೆ ಅಗಲವಾಗುತ್ತ ಹೋದ ಹಾಗೆ ಗಿಡ ಹೋಗಿ ತಗಡಿನ ಶೆಡ್ಡು ಬಂದವು. ಅಲ್ಲೊಂದು ಇಲ್ಲೊಂದು ಉಳಿದಿದ್ದವು.

ಮಗಳು ಸಪ್ನಾ ಧಾರವಾಡದಲ್ಲಿರುತ್ತಾಳೆ. ಅವಳೇ ಒಮ್ಮೆ ಅಪ್ಪ ಅವ್ವನನ್ನು ಪುಣೆಗೆ ಕರೆದುಕೊಂಡು ಹೋದಳು. ಅಲ್ಲಿ ದೊಡ್ಡ ದೊಡ್ಡದು ಏನೇನೋ ತೋರಿಸಿದಳು, ನಿಜಗುಣಪ್ಪನಿಗೆ ಅದಾವುದೂ ಕಣ್ಣಿಗೆ ಹತ್ತಲಿಲ್ಲ. ಒಂದು ಓಣಿಯ ತಿರುವಿನಲ್ಲಿ ಕಸ ಚೆಲ್ಲುವ ಗುಂಡಿಯಿದ್ದ ಜಾಗವನ್ನು ಅಲ್ಲಿನ ಜನ ಸಣ್ಣ ಅಡವಿ ಮಾಡಿಟ್ಟಿದ್ದರು. ಸುತ್ತ ಮುಗಿಲು ಮುಟ್ಟುವ ಮನೆಗಳು, ನಡುವೆ ಗಿಡ, ಹಕ್ಕಿ, ತಂಪು. ಆ ಗಿಡಗಳ ಕೆಳಗೆ ಎರಡು ತಾಸು ಕೂತ. ಎದ್ದಾಗ ಹೆಂಡತಿಗೆ ಹೇಳಿದ್ದು ಒಂದೇ ಮಾತು: "ನಮ್ಮ ಓಣಿ ಹಿಂದಿನ ಹಳ್ಳದ ದಂಡಿ ಐತೆಲ್ಲ, ಅದು ಇದಕಿಂತ ದೊಡ್ಡದು."

ಅದು ಯಾರದೂ ಅಲ್ಲದ ಜಾಗ, ಹಾಗಾಗಿ ಊರಿನವರೆಲ್ಲರ ಕಸದ ಜಾಗ. ಗಂಡ ಹೆಂಡತಿ ಸೇರಿ ಒಡೆದ ಹೆಂಚು, ಪ್ಲಾಸ್ಟಿಕ್ಕು, ಸತ್ತ ಹಂದಿಯ ಎಲುಬು ಎತ್ತಿ ಹಾಕುವುದಕ್ಕೆ ಒಂದು ಬೇಸಿಗೆ ಹಿಡಿಯಿತು. ನಿಜಗುಣಪ್ಪನ ಹಠ ಒಂದೇ: ಇಲ್ಲಿ ಬನ್ನಿಯೇ ಬರಬೇಕು, ಅದೂ ತನ್ನ ಸ್ಟಾಪುಗಳ ಬನ್ನಿ. ಉಳಿದ ಒಂದೊಂದೇ ಮುದಿಗಿಡ ಹುಡುಕಿ ಹೋದರು. ಮುರಗೋಡ, ಯರಗಟ್ಟಿ, ಬೆಳವಡಿ, ಕಟಕೋಳ, ಚಂದರಗಿ, ನೇಸರಗಿ, ಸುರೇಬಾನ. ಗಿಡದ ಕೆಳಗೆ ಉದುರಿದ ಒಣ ಕಾಯಿಯನ್ನು ದೇವಕ್ಕ ಉಡಿಯಲ್ಲಿ ಕಟ್ಟಿಕೊಂಡು ಬಂದಳು. ಬಿಸಿನೀರಿನಲ್ಲಿ ನೆನೆಸಿ, ಹಾಲಿನ ಪಾಕೀಟಿನಲ್ಲಿ ಮಣ್ಣು ತುಂಬಿ, ಬಾಣಂತಿಯ ಕೂಸಿನ ಹಾಗೆ ಕಾಯ್ದಳು. ಬದುಕಿದ್ದು ಇಪ್ಪತ್ತಾರು. ನಿಜಗುಣಪ್ಪ ತನ್ನ ಹಳೆಯ ಖಾಕಿ ಅಂಗಿ ಹರಿದು ಪಟ್ಟಿ ಮಾಡಿ, ಮಾಸದ ಶಾಯಿಯಲ್ಲಿ ಊರ ಹೆಸರು ಬರೆದು, ಒಂದೊಂದು ಸಸಿಗೂ ಕಟ್ಟಿದ. ಬಸ್ಸು ಹೋಗುವ ದಾರಿಯ ಹಾಗೆಯೇ ಸಾಲಾಗಿ ನೆಟ್ಟರು. ಕೊನೆಯ ಸಸಿ ಸುರೇಬಾನ.

"ನೋಡು, ಇದು ಬನ್ನಿ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ," ಅಂದ ಅವತ್ತು.

"ಯಾಕ್ರಿ? ದೇವರ ಗಿಡಲ್ಲ?"

"ಅದಕಽ ಹೇಳೂದು. ಮೂವತ್ತಮೂರ ದಸರಾ ಬಸ್ಸಿನಾಗ ಕುಂತ ನೋಡೇನಿ. ನಮ್ಮ ಮಂದಿ ಭಕ್ತಿ ಗಿಡಾ ತಡಕೊಳ್ಳೂದಿಲ್ಲ. ಸಂಜಿಗೆ ಹೊಳ್ಳಿ ಬರೂವಾಗ ಎಲಿ ಟೊಂಗಿ ಎಲ್ಲಾ ಕಿತ್ತು ಬರೇ ಬಡ್ಡಿ ನಿಂತಿರತಿತ್ತು. ಯಾರರೆ ಕೇಳಿದ್ರ ಜಾಲಿ ಅನ್ನು. ಮುಳ್ಳ ಐತಿ, ನಂಬತಾರ."

ನಂಬಿದರು ಕೂಡ! ವರ್ಷಕ್ಕೊಮ್ಮೆ ಬನ್ನಿಗೆ ಕೈ ಮುಗಿಯುವ ಊರಿಗೆ ಬನ್ನಿ ಅಂದರೆ ಸಂತೆಯಲ್ಲಿ ಬರುವ ಎಲೆಯ ಸೂಡು. ನೆಲದಲ್ಲಿ ಬೇರು ಬಿಟ್ಟು ನಿಂತರೆ ಗುರುತು ಹತ್ತುವುದಿಲ್ಲ. "ಕಂಡಕ್ಟರಗ ತಲಿ ಕೆಟ್ಟೈತಿ, ಜಾಲಿ ಕಂಟಿಗೆ ನೀರ ಹೊತ್ತ ಹಾಕತಾನ," ಎಂದು ನಗಾಡಿದರು. ನಿಜಗುಣಪ್ಪನೂ ಅವರ ಜೊತೆ ನಗುವನು. ಬನ್ನಿ ಬೆಳೆಯುವುದು ಬಲು ನಿಧಾನ. ನಾಲ್ಕು ವರ್ಷಕ್ಕೆ ಎದೆಮಟ್ಟ ಬಂದವು. ಅವುಗಳ ಬುಡದಲ್ಲಿ ಯಾರೂ ನೆಡದ ಹುಲ್ಲು ಬಂತು, ಹುಲ್ಲಿಗೆ ಚಿಟ್ಟೆ, ಚಿಟ್ಟೆಗೆ ಹಕ್ಕಿ. ಒಂದು ಮುಂಗುಸಿ ಸಂಸಾರ ಹೂಡಿತು. ಎಷ್ಟೋ ವರ್ಷದ ಮೇಲೆ ಆ ಓಣಿಯಲ್ಲಿ ಗುಬ್ಬಿ ಚಿಲಿಗುಟ್ಟಿದವು. ಆ ನಡುವೆ ಸುರೇಬಾನದ ದಾರಿಯಲ್ಲಿದ್ದ ಮುದಿ ಬನ್ನಿಯನ್ನು ರಸ್ತೆಗೆಂದು ಕಡಿದರು. ಮತ್ತೆ ನೋಡಿಬರಲು ಹೋದವರು ಬರಿಯ ಕುಳಿ ನೋಡಿ ಬಂದರು. ಅವತ್ತಿನಿಂದ ನಿಜಗುಣಪ್ಪ ಕೊನೆಯ ಸಸಿಗೆ ಒಂದು ಕೊಡ ಹೆಚ್ಚು ಹಾಕುತ್ತಿದ್ದ.

ಈ ವರ್ಷ ಯುಗಾದಿಯಾದ ಎಂಟು ದಿನಕ್ಕೆ ಅವನಿಗೆ ಲಕ್ವಾ ಹೊಡೆಯಿತು. ಮುಂಜಾನೆ ಕೊಡ ಎತ್ತಲು ಬಾಗಿದವನು ಹಾಗೇ ಉರುಳಿದ. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು. ಬಾಯಲ್ಲಿ ಉಳಿದದ್ದು ಒಂದೇ ಶಬ್ದ, "ರೈಟ್." ಗಾಡಿ ಬಿಡಲು ದಿನಕ್ಕೆ ನೂರು ಸಲ ಕೂಗಿದ ಮಾತಲ್ಲವೇ, ಅದೊಂದು ನಾಲಿಗೆಗೆ ಅಂಟಿಕೊಂಡು ಉಳಿದಿತ್ತು. ಹಸಿವಾದರೆ ರೈಟ್. ಬೇಡ ಅನ್ನಬೇಕಾದರೂ ರೈಟ್. ಅಳು ಬಂದರೂ ರೈಟ್. ಬಸ್ಸು ನಿಲ್ಲಿಸುವ ಹೋಲ್ಡಾನ್ ಎಲ್ಲಿ ಹೋಯಿತೋ, ಅದು ಮಾತ್ರ ಬರಲೇ ಇಲ್ಲ. ತಿಳಿವಳಿಕೆಗೆ ಏನೂ ಆಗಿರಲಿಲ್ಲ, ಎಲ್ಲ ತಿಳಿಯುತ್ತಿತ್ತು. 

ದಿನಾ ಸಂಜೆ ಅವನು ಎಡಗೈ ಎತ್ತಿ ಹಿತ್ತಲ ಕಡೆ ತೋರಿಸುವನು. ಗಿಡಗಳು ಹೇಗಿವೆ ಎಂದು ಅದರ ಅರ್ಥ. "ಚಲೋ ಅದಾವ್ರಿ, ಸುರೇಬಾನ ನನ್ನ ಹೆಗಲ ಮಟಾ ಬಂದೈತಿ," ಎಂದು ಅವಳು ಹೇಳುವಳು. ಅವನ ಮುಖ ಅರಳುವುದು. ಸಪ್ನಾ ಗಾಲಿ ಕುರ್ಚಿ ಕಳಿಸಿದಳು. ಮಳೆಗಾಲ ಕಳೆಯಲಿ, ಆಮೇಲೆ ಹೊರಗೆ ಕರೆದುಕೊಂಡು ಹೋಗಬಹುದು ಅಂದರು ಡಾಕ್ಟರು. "ದಸರಾದ ದಿನಾ ಕರಕೊಂಡ ಹೊಕ್ಕೇನ್ರಿ. ನೇಸರಗಿಯಿಂದ ಸುರೇಬಾನದ ತನಕಾ ಎಲ್ಲಾ ಸ್ಟಾಪ್ ತೋರಸತೇನಿ," ಎಂದು ದೇವಕ್ಕ ಮಾತು ಕೊಟ್ಟಳು. ಅವನು ಎಡಗೈಯಿಂದ ಅವಳ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಇನ್ನು ಅವಳಿಗೆ ಬೇರೆ ಏನೂ ಬೇಕಿರಲಿಲ್ಲ. ದಸರೆಯ ತನಕ ಆ ಇಪ್ಪತ್ತಾರು ಗಿಡ ಉಳಿಯಬೇಕು, ಅವನು ಕಣ್ಣಾರೆ ನೋಡಬೇಕು, ಅಷ್ಟೇ.

ನಿಜಗುಣಪ್ಪ ಹಾಸಿಗೆ ಹಿಡಿದದ್ದು ಊರಿಗೆ ಗೊತ್ತಾಗುವುದು ತಡವೇ? ಹಳ್ಳದ ದಂಡೆಗೆ ಮತ್ತೆ ಕಸ ಬೀಳತೊಡಗಿತು. ಮೊದಲು ಒಂದು ಚೀಲ, ಆಮೇಲೆ ಒಂದು ಗಾಡಿ. ನವರಾತ್ರಿ ಶುರುವಾಗಲು ನಾಲ್ಕು ದಿನ ಇತ್ತು. ಅವತ್ತು ಮಲಕಾಜಪ್ಪ ಟ್ರ್ಯಾಕ್ಟರ್ ತುಂಬ ಒಡೆದ ಗೋಡೆಯ ಕಲ್ಲುಮಣ್ಣು ತಂದು ನಿಲ್ಲಿಸಿದ. ಹಳೆ ಮನೆ ಕೆಡವಿ ಹೊಸದು ಕಟ್ಟಿಸುವವರ ಗುತ್ತಿಗೆ ಅವನದು. ಟ್ರೇಲರ್ ಹಿಂದಕ್ಕೆ ಬಂದು ಚಂದರಗಿ ಗಿಡದ ಮೈಮೇಲೆ ಏರಲು ಗೇಣು ಬಾಕಿ ಇತ್ತು. ದೇವಕ್ಕ ಓಡಿ ಹೋಗಿ ಗಾಲಿಗೆ ಅಡ್ಡ ನಿಂತಳು.

"ಸರೀರಿ ಯಕ್ಕಾ, ಹುಚ್ಚಗಿಚ್ಚ ಹಿಡದೈತೇನ ನಿಮಗ?" ಅಂದ ಮಲಕಾಜಪ್ಪ.

"ಇಲ್ಲಿ ಹಾಕಬ್ಯಾಡೋ ಯಪ್ಪಾ. ಗಿಡಾ ಅದಾವು."

"ಯಾವ ಗಿಡಾ? ಈ ಜಾಲಿ ಕಂಟಿ? ಇದನ್ನ ಕಾಯಾಕ ಗಾಲಿಗೆ ಬೀಳತೀರಿ? ಕಂಡಕ್ಟರ್ ಅಣ್ಣಾರಿಗೆ ಆರಾಮ ಇಲ್ಲ ಅಂತ ಸುಮ್ಮನದೇನಿ. ಸರೀರಿ, ನನಗ ಇನ್ನ ಮೂರ ಖೇಪ ಅದಾವು."

ಅವಳು ಬೇಡಿಕೊಂಡಳು. ಬೈದಳು. ಬೇಲಿಯಾಚೆ ನಿಂತ ನಾಲ್ಕು ಮಂದಿಯನ್ನು ನೀವರೆ ಹೇಳ್ರಿ ಎಂದು ಕರೆದಳು. ಜಾಲಿ ಕಂಟಿಗಾಗಿ ಯಾರು ಜಗಳಕ್ಕೆ ಬರುತ್ತಾರೆ? ಟ್ರ್ಯಾಕ್ಟರ್ ಗುರ್ ಅಂದಿತು. ಆಗ ಅವಳ ಬಾಯಿಂದ ಬಂದೇ ಬಿಟ್ಟಿತು: "ಜಾಲಿ ಅಲ್ಲೋ ಭಾಡ್ಯಾ, ಬನ್ನಿ! ಇಪ್ಪತ್ತಾರೂ ಬನ್ನಿ! ಹಾಕ ನೋಡೂಣು ಅದರ ಮ್ಯಾಲ ಮಣ್ಣ!"

ಮಲಕಾಜಪ್ಪ ಎಂಜಿನ್ ಆರಿಸಿದ. ಕೆಳಗಿಳಿದು ಗಿಡದ ಹತ್ತಿರ ಬಂದು ಎಲೆ ಮುಟ್ಟಿ ನೋಡಿದ. ಮುಖ ಬಿಳಿಚಿಕೊಂಡಿತು. ಚಪ್ಪಲಿ ಬಿಟ್ಟು, ಎರಡೂ ಕೈಯಿಂದ ಗಲ್ಲ ಬಡಿದುಕೊಂಡ. "ತಪ್ಪಾತವಾ, ತಪ್ಪಾತು. ಮೊದಲಽ ಯಾಕ ಹೇಳಲಿಲ್ಲ?" ಅಂದು, ಆ ಖೇಪು ಅಷ್ಟೇ ಅಲ್ಲ, ಹಿಂದೆ ಚೆಲ್ಲಿದ್ದನ್ನೂ ತುಂಬಿಕೊಂಡು ಹೋದ.

ದೇವಕ್ಕನಿಗೆ ತನ್ನ ಬಗ್ಗೆ ತನಗೇ ಹೆಮ್ಮೆಯಾಯಿತು. ನಿಜ ಹೇಳಿಬಿಟ್ಟದ್ದಕ್ಕೆ ಎಷ್ಟು ಸಂಭ್ರಮ! ನಾಲ್ಕು ವರ್ಷ ಜಾಲಿ ಜಾಲಿ ಅಂದು ಬೈಸಿಕೊಂಡದ್ದು, ಒಂದು ಮಾತಿಗೆ ಊರೇ ಚಪ್ಪಲಿ ಬಿಟ್ಟಿತು. ಗಂಡನಿಗೆ ಮಾತ್ರ ಹೇಳಲಿಲ್ಲ. ಬಾಯಿ ಬಿಡಬೇಡ ಅಂದಿದ್ದನಲ್ಲ. ದಸರೆಯ ದಿನ ಗಿಡ ನೋಡಲಿ, ಊರಿನವರ ಭಕ್ತಿಯನ್ನೂ ನೋಡಲಿ, ಆಗ ಹೇಳಿದರೆ ಅವನೇ ಒಪ್ಪಿಕೊಳ್ಳುತ್ತಾನೆ ಎಂದುಕೊಂಡಳು.

ನವರಾತ್ರಿಯ ಒಂಬತ್ತೂ ಬೆಳಗ್ಗೆ ಹೆಂಗಸರು ಮಿಂದು ಮಡಿಯಾಗಿ ಬಂದರು. ಗಿಡ ಸುತ್ತಿದರು, ಅರಿಷಿಣ ಕುಂಕುಮ ಹಚ್ಚಿದರು, ನೂಲು ಸುತ್ತಿದರು. ಯಾರೂ ಹೇಳದೆ ಕಸ ಹೆಕ್ಕಿದರು. ಓಣಿಯ ಹಿರಿಯರು ಗಂಗಯ್ಯನವರು. ವಯಸ್ಸು ಎಂಬತ್ತಾದರೂ ಊರಿನ ಯಾವ ಕೆಲಸಕ್ಕೂ ಮುಂದೆ. ಅವರು ಮನೆಗೇ ಬಂದು, ಅವಳನ್ನು ಅಂಗಳಕ್ಕೆ ಕರೆದು, "ದೇವಕ್ಕಾ, ಈ ವರ್ಷ ಬನ್ನಿ ಮುಡಿಯೂದು ನಿಮ್ಮ ಬನದಾಗಽ. ಹಳ್ಳದ ದಂಡಿ ಪಾವನ ಆತು ನೋಡು," ಅಂದರು. ಅವಳು ಗಂಡನಿಗೆ ಕೇಳದ ಹಾಗೆ ದನಿ ತಗ್ಗಿಸಿ, "ಕಾಕಾರ, ಗಿಡಾ ಇನ್ನೂ ಎಳೇವು. ಒಬ್ಬೊಬ್ಬರು ಒಂದೊಂದಽ ಎಲಿ ಅಂತ ಹೇಳ್ರಿ," ಅಂದಳು. "ಅಷ್ಟ ತಿಳಿಯೂದಿಲ್ಲೇನವಾ ಮಂದಿಗೆ? ನಾ ನಿಂತ ಹೇಳತೇನಿ," ಎಂದು ಗಂಗಯ್ಯನವರು ಮಾತು ಕೊಟ್ಟರು. ದೇವಕ್ಕ ಹುಟ್ಟೂರು ನೇಸರಗಿಯ ದೊಡ್ಡ ಬನ್ನಿಯನ್ನು ನೆನೆಸಿಕೊಂಡಳು. ಊರೆಲ್ಲ ಎಲೆ ಕಿತ್ತರೂ ಅದಕ್ಕೆ ಏನೂ ಆಗುತ್ತಿರಲಿಲ್ಲ. ಅದು ಮುಗಿಲೆತ್ತರದ ಗಿಡ, ಇವು ತನ್ನ ಹೆಗಲೆತ್ತರದವು ಎಂಬುದು ಆ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ. ದಸರೆಯ ಹಿಂದಿನ ದಿನ, ಗಂಡ ನೋಡುವಾಗ ಎಲೆ ಹಸಿರಾಗಿ ನಳನಳಿಸಲಿ ಎಂದು ಇಪ್ಪತ್ತಾರಕ್ಕೂ ಕೊಡಗಟ್ಟಲೆ ನೀರು ಹೊತ್ತು ಹಾಕಿದಳು. ಎರೆಮಣ್ಣು ಬೆಣ್ಣೆಯ ಹಾಗೆ ಮೆತ್ತಗಾಯಿತು.

ದಸರೆಯ ಮಧ್ಯಾಹ್ನ ಗಂಡನಿಗೆ ಎರೆದು, ಗಡ್ಡ ಹೆರೆದು, ಕಿತ್ತೂರಿಗೆ ಹೋದಾಗ ತೊಟ್ಟಿದ್ದ ಅದೇ ಬಿಳಿ ಅಂಗಿ ತೊಡಿಸಿದಳು. ಕುರ್ಚಿಯಲ್ಲಿ ಕೂರಿಸಿ, "ಹಬ್ಬದ ಗದ್ದಲ ಕಡಿಮಿ ಆಗಲಿ, ಐದಕ್ಕ ಹೋಗೂಣು," ಅಂದಳು. ಅವನಿಗೆ ತಡೆಯಲಾಗದು, ಎಡಗಾಲಿನಿಂದ ನೆಲ ಒದ್ದು ತಾನೇ ಗಾಲಿ ಮುಂದೂಡಿದ. "ರೈಟ್," ಅಂದ. ಇಬ್ಬರೂ ನಕ್ಕರು.

ನಾಲ್ಕೂವರೆಗೆ ಮೊದಲ ಮಂದಿ ಬಂದರು. ಗಿಡ ನೆಟ್ಟವನಿಗೇ ಎಲ್ಲರಿಗಿಂತ ಮೊದಲು ಬನ್ನಿ ಕೊಡಬೇಕು ಎಂದು ಓಣಿಗೆ ಓಣಿಯೇ ಮಾತಾಡಿಕೊಂಡಿತ್ತಂತೆ. ಪಕ್ಕದ ಮನೆಯ ಸೀತವ್ವ ಅವನ ಮಡಿಲಲ್ಲಿ ನಾಲ್ಕು ಎಲೆ ಇಟ್ಟು, ಕಾಲು ಮುಟ್ಟಿ, "ಬನ್ನಿ ತೊಗೊಂಡು ಬಂಗಾರದಂಗ ಇರೂಣ್ರಿ ಅಣ್ಣಾರ," ಅಂದಳು. "ರೈಟ್," ಎಂದು ನಿಜಗುಣಪ್ಪ ಎಡಗೈ ಅವಳ ತಲೆಯ ಮೇಲಿಟ್ಟ. ಹಿಂದೆಯೇ ಹತ್ತು ಮಂದಿ. ಅವರ ಹಿಂದೆ ಮತ್ತೆ ಇಪ್ಪತ್ತು. ಆರು ತಿಂಗಳು ಈ ಮನೆಯ ಹೊಸ್ತಿಲು ತುಳಿಯದವರೆಲ್ಲ ಬಂದರು. ದೇವಕ್ಕ ಸಕ್ಕರೆ ಹಂಚುತ್ತ ಹಿಗ್ಗಿ ಹೀರೇಕಾಯಿ ಆದಳು. ನೋಡಿ, ನನ್ನ ಗಂಡನಿಗೆ ಊರು ಎಷ್ಟು ಮರ್ಯಾದೆ ಕೊಡುತ್ತದೆ!

ಎಲೆ ಬಂದವು, ಆಮೇಲೆ ಟೊಂಗೆ ಬರತೊಡಗಿದವು. ಸಕ್ಕರೆ ಹಿಡಿದ ಅವಳ ಕೈ ನಿಂತಿತು.

"ಇಷ್ಟ್ಯಾಕ ಮುರದ್ರಿ? ಸಂತ್ಯಾಗಿಂದ ತಂದ್ರ್ಯಾ?" ಎಂದು ಒಬ್ಬನನ್ನು ಕೇಳಿದಳು.

"ಅಯ್ಯ, ಸಂತೀದ ಯಾರ ತರತಾರ್ರಿ ಈ ವರ್ಷ! ನಿಮ್ಮ ಬನದ್ದಽ. ಒಬ್ಬೊಬ್ಬರು ಒಂದೊಂದಽ ಅಂದ್ರು ಗಂಗಯ್ಯನವರು. ಮನ್ಯಾಗ ಏಳ ಮಂದಿ ಅದೇವ್ರಿ, ಸಾಹೇಬ್ರಿಗೆ ಕೊಡಬೇಕು, ಬೀಗರಿಗೆ ಕೊಡಬೇಕು. ಒಂದ ಟೊಂಗಿ ತೊಗೊಂಡ್ನಿ, ಹೆಚ್ಚ ಇಲ್ಲ."

 ಹಿತ್ತಲಿನಿಂದ ಓಡಿಹೋಗೋಣವೆಂದರೆ ಬಾಗಿಲ ತುಂಬ ಮಂದಿ. ಅಷ್ಟರಲ್ಲಿ ಗಂಗಯ್ಯನವರು ಬಂದರು. ಇಬ್ಬರು ಅವರ ಭುಜ ಹಿಡಿದಿದ್ದರು, ಅವರ ಎದೆಗೆ ಒಂದು ಇಡೀ ಗಿಡ ಒರಗಿತ್ತು. ಬೇರಿಗೆ ಹಸಿ ಎರೆಮಣ್ಣು ಮೆತ್ತಿತ್ತು, ತಾಯಿಬೇರು ನಡುವೆ ಹರಿದಿತ್ತು. ಮುದುಕರ ಕಣ್ಣಲ್ಲಿ ನೀರಿತ್ತು.

"ನಿಜಗುಣಪ್ಪಾ, ಮಂದಿ ಮ್ಯಾಲ ಮಂದಿ ಬಿದ್ದ ಕೀಳಾಕತ್ತಿದ್ರೋ. ಇದೊಂದಽ ಉಳದಿತ್ತು. ಇದನ್ನರೆ ನೆಟ್ಟಗ ನಿನಗ ಮುಟ್ಟಸಬೇಕಂತ ಎತ್ತಿಸಿಕೊಂಡ ಬಂದ್ನಿ. ನಿನ್ನ ಕೈಲೆ ಹಚ್ಚಿದ ಬಂಗಾರ, ನಿನ್ನ ಕೈಗೇ ಬರಲಿ."

ಗಿಡವನ್ನು ಅವನ ಮಡಿಲಿಗೆ ಅಡ್ಡ ಇಟ್ಟರು. ಕಾಂಡಕ್ಕೆ ಖಾಕಿ ಪಟ್ಟಿ ಕಟ್ಟಿತ್ತು. ಶಾಯಿ ಮಾಸಿರಲಿಲ್ಲ. ಸುರೇಬಾನ.

ನಿಜಗುಣಪ್ಪ ಪಟ್ಟಿಯನ್ನು ಹೆಬ್ಬೆರಳಿನಿಂದ ಸವರಿದ. ಹರಿದ ಬೇರು ಮುಟ್ಟಿ ನೋಡಿದ. ಮಡಿಲಲ್ಲಿ, ಕುರ್ಚಿಯ ಸುತ್ತ, ಹೊಸ್ತಿಲ ತನಕ ರಾಶಿ ಬಿದ್ದ ಎಲೆಗಳನ್ನು ಒಂದು ಸಲ ನೋಡಿದ. ರೈಟ್ ಅನ್ನಲಿಲ್ಲ.  ಕಣ್ಣಿನಿಂದ ನೀರು ಬಿಳಿ ಅಂಗಿಯ ಮೇಲೆ ಇಳಿಯತೊಡಗಿತು.

"ನೋಡ್ರಿ, ನೋಡ್ರಿ, ಎಷ್ಟ ಸಂತೋಷ ಆಗೈತಿ ಅಣ್ಣಾರಿಗೆ!" ಅಂದಳು ಸೀತವ್ವ. ಎಲ್ಲರೂ ಕೈ ಮುಗಿದರು. ಹಿಂದಿನ ಸಾಲಿನಲ್ಲಿ ನಿಂತ ಮಲಕಾಜಪ್ಪ ಮುಂದೆ ಬಂದು, ದೊಡ್ಡ ಟೊಂಗೆಯೊಂದನ್ನು ಅವನ ಪಾದದ ಹತ್ತಿರ ಇಟ್ಟು ಅಡ್ಡ ಬಿದ್ದ. ಏನೂ ಅರಿಯದ, ಒಳ್ಳೆಯ ಜನ. ಯಾರನ್ನು ಬೈಯುವುದು? ದೇವಕ್ಕ ಸಕ್ಕರೆಯ ಬಟ್ಟಲು ಹಿಡಿದು ನಿಂತೇ ಇದ್ದಳು.

ಮಂದಿ ಕರಗಿದ ಮೇಲೆ ಅವಳು ಹಳ್ಳದ ದಂಡೆಗೆ ಓಡಿದಳು. ಹೊತ್ತು ಇನ್ನೂ ಮುಳುಗಿರಲಿಲ್ಲ, ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಹಸಿ ನೆಲದ ತುಂಬ ಹೆಜ್ಜೆ. ಹುಲ್ಲೆಲ್ಲ ರಾಡಿ. ನೇಸರಗಿ ಇದ್ದಲ್ಲಿ ಗೇಣುದ್ದ ಸೀಳು ಬಡ್ಡಿ, ಮುರಗೋಡ ಇದ್ದಲ್ಲಿ ಕುಳಿ. ಕಟಕೋಳದ ಪಟ್ಟಿ ಕೆಸರಿನಲ್ಲಿ ಬಿದ್ದಿತ್ತು. ಬಸ್ಸಿನ ದಾರಿ ಹಿಡಿದು ಕೊನೆಯ ತನಕ ನಡೆದಳು. ಒಣ ನೆಲವಾಗಿದ್ದರೆ ಬೇರು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಎಲೆ ಹೋದರೂ ಗಿಡ ಉಳಿಯುತ್ತಿತ್ತು, ಮತ್ತೆ ಚಿಗುರುತ್ತಿತ್ತು. ಕಿತ್ತವರು ಊರಿನವರು, ಸರಿ. ಹೆಸರು ಹೇಳಿದವಳು ತಾನು, ನೀರು ಹಾಕಿ ನೆಲ ಮೆತ್ತಗೆ ಮಾಡಿಕೊಟ್ಟವಳೂ ತಾನು. ಅವಳು ಅಲ್ಲೇ ಕೆಸರಿನಲ್ಲಿ ಕೂತು ಬಾಯಿ ಬಡಿದುಕೊಂಡು ಅತ್ತಳು.

ಮನೆಗೆ ಬಂದು ದೀಪ ಹಚ್ಚಿದಳು. ನಿಜಗುಣಪ್ಪ ಹಾಗೇ ಕೂತಿದ್ದ. ಗಿಡ ಮಡಿಲಲ್ಲೇ ಇತ್ತು.

"ನಾನಽ ಹೇಳಿದ್ನಿರಿ," ಅಂದಳು. "ಮಲಕಾಜಪ್ಪ ಮಣ್ಣ ಹಾಕಾಕ ಬಂದಿದ್ದ. ಗಿಡಾ ಉಳೀಲಿ ಅಂತ ಬನ್ನಿ ಅಂತ ಹೇಳಿಬಿಟ್ನಿ. ನೀವು ಬ್ಯಾಡ ಅಂದಿದ್ರಿ. ನಿನ್ನಿ ನೀರೂ ನಾನಽ ಹಾಕಿದ್ನಿ, ನೀವು ನೋಡೂವಾಗ ಚಂದ ಕಾಣಲಿ ಅಂತ." ಅವನು ಅವಳನ್ನು ನೋಡಲಿಲ್ಲ, ಖಾಕಿ ಪಟ್ಟಿಯನ್ನೇ ನೋಡುತ್ತಿದ್ದ. "ಮತ್ತ ಹೋಗೂಣ್ರಿ. ನಾ ಒಬ್ಬಾಕಿನಽ ಹೋಗಿ ಎಲ್ಲಾ ಕಡೆ ಬೀಜಾ ತರತೇನಿ," ಎಂದಳು. ಸುರೇಬಾನದಲ್ಲಿ ಗಿಡವೇ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಗಿಡ ಬೆಳೆಯಲು ಬೇಕಾದ ನಾಲ್ಕು ವರ್ಷ ಅವನ ಕೈಯಲ್ಲಿಲ್ಲ ಎಂಬುದೂ ಗೊತ್ತಿತ್ತು.

ಅವನೊಂದು ಸಲ ರೈಟ್ ಅಂದಿದ್ದರೆ ಸಾಕಿತ್ತು. ಸಿಟ್ಟಿನಿಂದ ಅಂದಿದ್ದರೂ ಸಾಕಿತ್ತು.

ಅವತ್ತು ಅಷ್ಟು ಮಂದಿ ಅವನಿಗೆ ಬನ್ನಿ ಕೊಟ್ಟಿದ್ದರು, ಅವಳೊಬ್ಬಳು ಕೊಟ್ಟಿರಲಿಲ್ಲ. ಮದುವೆಯಾದಾಗಿನಿಂದ ಒಂದು ವರ್ಷವೂ ಅದು ತಪ್ಪಿರಲಿಲ್ಲ. ಡ್ಯೂಟಿಯಿಂದ ಅವನು ಎಷ್ಟು ಹೊತ್ತಿಗೆ ಬಂದರೂ ಕಾದಿದ್ದು ಕೊಡುತ್ತಿದ್ದಳು. ಕೊಟ್ಟರೆ ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಿತೆಂದು ಅವನು ತಲೆಯ ಮೇಲೆ ಕೈ ಇಡುವನು. ದೇವಕ್ಕ ನೆಲದಿಂದ ನಾಲ್ಕು ಎಲೆ ಎತ್ತಿಕೊಂಡಳು. ಕುರ್ಚಿಯ ಮುಂದೆ ಕೂತು, ಅವನ ಎರಡೂ ಪಾದಗಳ ಮೇಲೆ ಕೈಯಿಟ್ಟಳು. ಬಂಗಾರದಂಗ ಇರೂಣ್ರಿ ಎಂದು ಅನ್ನಲು ಬಾಯಿ ತೆರೆದಳು.

ನಿಜಗುಣಪ್ಪ ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡ.

ಎಳೆದುಕೊಳ್ಳಲು ಬಾರದ ಬಲಗಾಲು ಅವಳ ಕೈಯಲ್ಲಿ ಉಳಿಯಿತು. ಅವಳು ಎಲೆಗಳನ್ನು ಆ ಕಾಲಿನ ಮೇಲಿಟ್ಟು, ಹಣೆ ಹಚ್ಚಿ ನಮಸ್ಕಾರ ಮಾಡಿದಳು.